ಹಲ್ಲ ಬೆಳ್ಳಗ ಮಾಡಿಸ್ಕೋಬೇಕು ಅನ್ನಾವ್ರು ರೊಕ್ಕಾ ಕಟ್ಟೋ ಮೊದ್ಲ ಇದನ್ನೊಮ್ಮೆ ಓದ್ರಿ

ಮದುವಿ ಗೊತ್ತಾದ ಮನಿಯವ್ರು, ಇಂಟರ್‌ವ್ಯೂ ಇರೋ ಹುಡುಗ್ರು, ಫೋಟೋ ತಗಿಯೋವಾಗ ತುಟಿ ಬಿಚ್ಚದ ನಿಲ್ಲೋ ಕಾಲೇಜ್ ಹುಡಿಗ್ಯಾರು, ಎಲ್ಲಾರೂ ಬಂದ ಕೂಡ್ಲೆ ಕೇಳೋದು ಒಂದ ಮಾತು, "ಡಾಕ್ಟ್ರ, ಹಲ್ಲ ಬೆಳ್ಳಗ ಮಾಡಾಕ ಎಷ್ಟ ತಗೋತೀರಿ?" ನಾ ಬಾಗಲಕೋಟಿ ಕಡೆ ಹಲ್ಲಿನ ಡಾಕ್ಟರ್ ಅದೀನಿ, ಈ ಪ್ರಶ್ನಿ ಕೇಳಿದಾಗೆಲ್ಲಾ ನಾ ತಿರುಗಿ ಕೇಳೋದು ಇಷ್ಟ, ನಿಮ್ಮ ಹಲ್ಲ ಯಾತಕ್ಕ ಹಳದಿ ಆಗೇತಿ ಅನ್ನೋದು ನಿಮಗ ಗೊತ್ತೈತೇನ್ರಿ? ಯಾಕಂದ್ರ ಚಹಾದ ಕಲಿಗೆ ಮಾಡೋ ಇಲಾಜು ಬ್ಯಾರೆ, ತಂಬಾಕಿನ ಕರಿಗೆ ಬ್ಯಾರೆ, ನಮ್ಮ ಬೋರಿನ ನೀರಿನ ಫ್ಲೋರೈಡ್ ಕಲಿಗೆ ಅಂತೂ ಪೂರಾ ಬ್ಯಾರೇನ. ಕಾರಣ ತಿಳೀದ ಬ್ಲೀಚ್ ಮಾಡಿಸ್ಕೊಂಡ್ರ ರೊಕ್ಕಾನೂ ಹೋಗ್ತೈತಿ, ಹಲ್ಲ ಹಂಗ ಉಳೀತೈತಿ, ಮ್ಯಾಲ ಜುಮ್ ಅನ್ನೋದೊಂದು ಹೊಸದಾಗಿ ಬೆನ್ನ ಹತ್ತತೈತಿ. ಅದಕ್ಕ ಯಾವ ಸಾಲಿನ್ಯಾಗ ಏನ್ ಮಾಡ್ಬೇಕು ಅನ್ನೋದನ್ನ ಒಂದೊಂದಾಗಿ ಹೇಳ್ತೀನಿ.

ಮೊದಲ್ನೇದು: ಕನ್ನಡಿ ಹಿಡ್ಕೊಂಡು ಹೊರಗ ಬಿಸಿಲಿಗೆ ಬರ್ರಿ

ಬಚ್ಚಲದಾಗಿನ ಲೈಟಿನ್ಯಾಗ ಹಲ್ಲಿನ ಬಣ್ಣ ತಿಳಿಯಂಗಿಲ್ಲ. ಹಗಲಿನ್ಯಾಗ ಅಂಗಳಕ್ಕ ಬಂದು ತುಟಿ ಎತ್ತಿ ನೋಡ್ರಿ. ವಸಡಿನ ಹತ್ರ, ಕೆಳಗಿನ ಮುಂದಿನ ಹಲ್ಲಿನ ಹಿಂದ ಗಟ್ಟಿ ಹಳದಿ ಕಿಟ್ಟ ಕಂಡ್ರ, ಇಲ್ಲಾ ಹಲ್ಲಿನ ಸಂದಿನ್ಯಾಗ ಕಂದ ಕಂದ ಬಣ್ಣ ಕುಂತಿದ್ರ, ಅದು ಹೊರಗಿನ ಕಲಿ. ಚಹಾ, ಕಾಫಿ, ಎಲಿ ಅಡಿಕಿ, ಗುಟ್ಕಾ, ಬೀಡಿ, ಸಿಗರೇಟ್, ಮತ್ತ ಬೆಳಗಾವಿ ನಿಪ್ಪಾಣಿ ಕಡೆ ವಯಸ್ಸಾದ ಹೆಣ್ಮಕ್ಕಳು ಹಲ್ಲಿಗೆ ತಿಕ್ಕೋ ಮಿಶ್ರಿ (ಸುಟ್ಟ ತಂಬಾಕಿನ ಪುಡಿ), ಇವೆಲ್ಲಾ ಹಿಂಗ ಹೊರಗ ಕುಂತ್ಕೋತಾವ. ಕಬ್ಬಿಣದ ಟಾನಿಕ್ ಕುಡಿಯೋ ಸಣ್ಣ ಹುಡುಗ್ರ ಹಲ್ಲ ಕರ್ರಗ ಆಗೋದೂ ಹೊರಗಿನ ಕಲೀನ, ಅಂಜಬ್ಯಾಡ್ರಿ. ಕ್ಲೋರ್‌ಹೆಕ್ಸಿಡಿನ್ ಇರೋ ಮೌತ್‌ವಾಶ್ ಡಾಕ್ಟ್ರು ಒಂದ ವಾರ ಎರಡ ವಾರಕ್ಕಂತ ಬರ್ದು ಕೊಟ್ಟದ್ದನ್ನ ಛಲೋ ಐತಿ ಅಂತ ತಿಂಗಳಗಟ್ಲೆ ಬಳಸ್ತಾರ ನೋಡ್ರಿ, ಅವ್ರ ಹಲ್ಲೂ ಕಂದ ಬಣ್ಣ ತಿರಗ್ತಾವ.

ಹಲ್ಲ ಪೂರಾ ಒಂದ ಸಮ ಹಳದಿ ಇದ್ದು ಮ್ಯಾಲ ಕಿಟ್ಟ ಇಲ್ಲಂದ್ರ ಅದು ಒಳಗಿನ ಬಣ್ಣ. ಹಲ್ಲಿನ ಮ್ಯಾಲಿನ ಪದರ ಎನಾಮೆಲ್ ಅರ್ಧ ಪಾರದರ್ಶಕ ಇರ್ತೈತಿ, ಒಳಗಿನ ಡೆಂಟಿನ್ ಹುಟ್ಟಾನ ಸ್ವಲ್ಪ ಹಳದಿ. ವಯಸ್ಸಾದಂಗ ಮ್ಯಾಲಿನದು ತಳ್ಳಗ ಆಗಿ ಒಳಗಿನದು ಎದ್ದು ಕಾಣ್ತೈತಿ. ಅಂದ್ರ ಹಳದಿ ಹಲ್ಲ ಅಂದ್ರ ರೋಗದ ಹಲ್ಲ ಅಂತೇನಲ್ರಿ, ಎಷ್ಟೋ ಮಂದಿದು ಗಟ್ಟಿಮುಟ್ಟ ಹಲ್ಲ ಹುಟ್ಟಾನ ಹಂಗ ಇರ್ತಾವ.

ಮುಂದಿನ ಹಲ್ಲ ಒಂದ ಕಪ್ಪಾಗಿ ಉಳದಾವು ಛಲೋ ಇದ್ರ, ಹಿಂದ್ಯಾವಾಗರ ಬಿದ್ದು ಪೆಟ್ಟ ಹತ್ತಿ ಒಳಗಿನ ನರ ಸತ್ತಿರ್ತೈತಿ, ಇಲ್ಲಾ ಮೊದ್ಲ ರೂಟ್ ಕ್ಯಾನಲ್ ಆಗಿರ್ತೈತಿ. ಹಲ್ಲಿನ ಮ್ಯಾಲ ಅಡ್ಡ ಪಟ್ಟಿ ಪಟ್ಟಿ ಬೂದಿ ಬಣ್ಣ ಇದ್ರ ಸಣ್ಣಾವ್ರಿದ್ದಾಗ ಟೆಟ್ರಾಸೈಕ್ಲಿನ್ ಔಷಧ ಕೊಟ್ಟಿರಬಹುದು. ಸುಣ್ಣದಂಥ ಬಿಳಿ ಚುಕ್ಕಿ, ಬಿಳಿ ಗೆರಿ, ಅದರ ನಡುವ ಕಂದ ಕಲಿ, ಜೋಡಿ ಹಲ್ಲಿನ ಮ್ಯಾಲ ಎರಡೂ ಕಡೆ ಸಮ ಸಮ ಕಂಡ್ರ ಅದು ಫ್ಲೋರೋಸಿಸ್, ಅಂದ್ರ ನೀರಿನ ಫ್ಲೋರೈಡಿನ ಕಲಿ. ಇಲಕಲ್ಲ, ಹುನಗುಂದ ಕಡೆ ಹಳ್ಳಿಯವ್ರಿಗೆ ಇದನ್ನ ಬಿಡಿಸಿ ಹೇಳೋ ಜರೂರತ್ತಿಲ್ಲ, ಒಂದ ಓಣಿ ಹುಡುಗ್ರೆಲ್ಲಾರ್ದೂ ಹಲ್ಲ ಹಂಗ ಇರ್ತಾವ.

ಎರಡನೇದು: ಬಾಯಿ ಪೂರಾ ತೋರಿಸ್ರಿ, ಬರೇ ಹಲ್ಲಲ್ಲ

ಇದು ನಾ ಅಗದಿ ಒತ್ತಿ ಹೇಳೋ ಮಾತು. ಗುಟ್ಕಾ, ಅಡಿಕಿ, ತಂಬಾಕು ಸುಣ್ಣ, ಮಿಶ್ರಿ ಯಾವುದರ ಚಟಾ ಇದ್ದಾವ್ರು ಬೆಳ್ಳಗ ಮಾಡಿಸ್ಕೊಳ್ಳಾಕ ಅಂತ ಬಂದ್ರ, ಮೊದ್ಲ ಗಲ್ಲದ ಒಳಗ, ನಾಲಿಗಿ ಬದಿಗೆ, ನಾಲಿಗಿ ಕೆಳಗ, ತಂಬಾಕು ಇಟ್ಕೊಳ್ಳೋ ಜಾಗಾದಾಗ ತೋರಿಸ್ಕೊಳ್ರಿ. ಮನ್ಯಾಗ ನೀವ ಮಾಡೋ ಪರೀಕ್ಷಾ ಒಂದೈತಿ: ನಿಮ್ಮವ ಮೂರು ಬೆರಳ ಒಂದರ ಮ್ಯಾಲ ಒಂದು ನೆಟ್ಟಗ ಇಟ್ಟು ಬಾಯಾಗ ಹಾಕ್ರಿ. ಹೋಗವಲ್ದು ಅಂದ್ರ ಬಾಯಿ ಬಿಗಿಯಾಕ ಹತ್ತೇತಿ ಅಂತ. ರಂಜಕಾ ಹಚ್ಚಕೊಂಡು ಖಡಕ್ ರೊಟ್ಟಿ ತಿನ್ನೋ ಮನಷ್ಯಾ ಇದ್ದಕಿದ್ದಂಗ ಖಾರಾ ತಡೀವಲ್ದು, ಬಾಯಿ ಉರೀತೈತಿ ಅನ್ನಾಕ ಹತ್ತಿದ್ರ, ಒರಿಸಿದ್ರೂ ಹೋಗದ ಬಿಳಿ ಪಟ್ಟಿ ಇಲ್ಲಾ ಕೆಂಪ ಪಟ್ಟಿ ಇದ್ರ, 2 ವಾರ ಆದ್ರೂ ಮಾಯದ ಹುಣ್ಣಿದ್ರ, ಹಲ್ಲಿನ ಬಣ್ಣದ ವಿಚಾರ ಅಲ್ಲೇ ಬಿಟ್ಟು ಇದನ್ನ ಮೊದ್ಲ ನೋಡಿಸ್ರಿ. ಬಾಯಿ ಕ್ಯಾನ್ಸರ್ ಸಣ್ಣದಿದ್ದಾಗ ಸಿಕ್ಕ್ರ ಮನಷ್ಯಾ ಉಳೀತಾನ. ಹಲ್ಲ ಬೆಳ್ಳಗ ಮಾಡ್ಸಾಕ ಅಂತ ಬಂದಾಗ ಇಂಥಾದ್ದು ಕಣ್ಣಿಗೆ ಬೀಳೋದೈತಿ, ಅದಕ್ಕ "ಬಾಯಿ ಒಳಗ ನೋಡೋದೇನ್ ಬ್ಯಾಡ್ರಿ, ಹಲ್ಲಷ್ಟ ಮಾಡಿ ಬಿಡ್ರಿ" ಅನ್ನಬ್ಯಾಡ್ರಿ.

ಚಟಾ ಬಿಡಾಕ ಮನಸ್ಸಿದ್ದಾವ್ರಿಗೆ ಸರಕಾರದ ಪುಕ್ಕಟೆ ಫೋನ್ ಐತಿ, 1800-11-2356. ಬಿಡದ ಬ್ಲೀಚ್ ಮಾಡಿಸ್ಕೊಂಡ್ರ ಬಣ್ಣ ಸ್ವಲ್ಪ ದಿನದಾಗ ತಿರುಗಿ ಬರ್ತೈತಿ, ನಾ ಅಂತೂ ಅಂಥಾವ್ರಿಗೆ ಮೊದ್ಲ ಬಿಟ್ಟು ಬರ್ರಿ ಅಂತನ ಹೇಳ್ತೀನಿ.

ರೊಕ್ಕದ ಅಡಚಣಿ ಇದ್ದಾವ್ರು ಡೆಂಟಲ್ ಕಾಲೇಜಿಗೆ ಹೋಗ್ರಿ. ಬಾಗಲಕೋಟಿಯೊಳಗ ಬಿ.ವಿ.ವಿ. ಸಂಘದ ಪಿ.ಎಂ.ಎನ್.ಎಂ. ಡೆಂಟಲ್ ಕಾಲೇಜ್, ವಿಜಯಪುರದಾಗ ಅಲ್-ಅಮೀನ್, ಬೆಳಗಾವಿಯೊಳಗ ಕೆ.ಎಲ್.ಇ. ಮತ್ತ ಮರಾಠಾ ಮಂಡಳದ ಕಾಲೇಜ್ ಅದಾವ. ಕಲಿಯೋ ಹುಡುಗ್ರು ಮಾಡ್ತಾರ, ಆದ್ರ ಮ್ಯಾಲ ಸೀನಿಯರ್ ಡಾಕ್ಟ್ರು ನಿಂತು ನೋಡ್ತಾರ, ಖರ್ಚೂ ಕಡಿಮಿ. ಟೈಮ್ ಅಷ್ಟ ಜಾಸ್ತಿ ಹಿಡೀತೈತಿ, ಒಂದ ದಿನ ರಜಾ ಹಾಕಿ ಹೋಗ್ರಿ. ಮೊದ್ಲ ಓರಲ್ ಮೆಡಿಸಿನ್ ವಿಭಾಗದಾಗ ಬಾಯಿ ನೋಡ್ತಾರ, ಆಮ್ಯಾಲ ಬೆಳ್ಳಗ ಮಾಡೋ ಕೆಲ್ಸಕ್ಕ ಕನ್ಸರ್ವೇಟಿವ್ ವಿಭಾಗಕ್ಕ ಕಳಿಸ್ತಾರ.

ಮೂರನೇದು: ಮೊದ್ಲ ಕ್ಲೀನಿಂಗ್

ಎಷ್ಟೋ ಮಂದಿಗೆ ಇಲ್ಲಿಗೇ ಕೆಲ್ಸಾ ಮುಗೀತೈತಿ. ಸ್ಕೇಲಿಂಗ್ ಮಷೀನಿನಿಂದ ಕಿಟ್ಟ ತಗದು ಪಾಲಿಶ್ ಮಾಡಿದ್ರ ಚಹಾ ತಂಬಾಕಿನ ಹೊರಗಿನ ಕಲಿ ಹೋಗಿ ಹಲ್ಲಿನ ಖರೇ ಬಣ್ಣ ಕಾಣ್ತೈತಿ, ಆಗ "ಇಷ್ಟ ಸಾಕ್ರಿ ಡಾಕ್ಟ್ರ" ಅನ್ನಾವ್ರ ಬಹಳ. ಕ್ಲೀನಿಂಗ್ ಮಾಡಿಸಿದ್ರ ಹಲ್ಲ ಅಳಗಾಡ್ತಾವ, ಸಂದಿ ಬೀಳ್ತೈತಿ ಅಂತ ನಮ್ಮ ಕಡೆ ಒಂದ ಅಂಜಿಕಿ ಐತಿ. ಸಂದಿ ಕಾಣೋದು ಅಲ್ಲಿ ತುಂಬಿಕೊಂಡಿದ್ದ ಕಿಟ್ಟ ಹೋಗಿದ್ದಕ್ಕ. ಅಳಗಾಡೋದು ಕಿಟ್ಟದ ಕಾಲಾಗ ಒಳಗ ಎಲುವು ಸವದಿದ್ದಕ್ಕ, ಮಷೀನ್ ಹಚ್ಚಿದ್ದಕ್ಕಲ್ಲ. ಒಂದೆರಡ ದಿನ ತಣ್ಣಗಿಂದು ಹತ್ತೋದು, ವಸಡಿನ್ಯಾಗ ಸ್ವಲ್ಪ ರಕ್ತ ಬರೋದು ಇರ್ತೈತಿ, ಅಷ್ಟರಾಗ ಕಡಿಮಿ ಆಗ್ತೈತಿ.

ಹುಳುಕ ಹಲ್ಲಿದ್ರ, ಒಡದ ಹಲ್ಲಿದ್ರ, ವಸಡಿನ ಹತ್ರ ಬೇರು ಬಿಟ್ಕೊಂಡಿದ್ರ ಅದನ್ನೆಲ್ಲಾ ಬಂದೋಬಸ್ತ್ ಮಾಡಿಸಿದ ಮ್ಯಾಲನ ಬ್ಲೀಚ್. ತೂತಿನ ಒಳಗ ಬ್ಲೀಚಿನ ಔಷಧ ಇಳೀತಂದ್ರ ರಾತ್ರಿ ನಿದ್ದಿ ಬರದಂಗ ನೋವು ಆಗ್ತೈತಿ.

ನಾಕನೇದು: ಬ್ಲೀಚ್ ಅಂದ್ರ ಏನು, ಯಾವುದು ನಿಮಗ ಆಗಿ ಬರ್ತೈತಿ

ಹೆಚ್ಚಿನ ಬ್ಲೀಚಿನ ಮೂಲ ಔಷಧ ಹೈಡ್ರೋಜನ್ ಪೆರಾಕ್ಸೈಡ್. ಕಾರ್ಬಮೈಡ್ ಪೆರಾಕ್ಸೈಡ್ ಅಂತ ಇನ್ನೊಂದೈತಿ, ಅದೂ ಬಾಯಾಗ ಹೋದ ಮ್ಯಾಲ ಒಡದು ಹೈಡ್ರೋಜನ್ ಪೆರಾಕ್ಸೈಡ್ ಆಗ್ತೈತಿ, 10% ಕಾರ್ಬಮೈಡ್ ಅಂದ್ರ ಸುಮಾರು 3.5% ಹೈಡ್ರೋಜನ್ ಪೆರಾಕ್ಸೈಡಿಗೆ ಸಮ. ಇದು ಎನಾಮೆಲ್ ದಾಟಿ ಒಳಗ ಇಳದು ಬಣ್ಣದ ಕಣಗಳನ್ನ ಸಣ್ಣ ಸಣ್ಣದಾಗಿ ಒಡೀತೈತಿ, ಅದಕ್ಕ ಹಲ್ಲ ತಿಳಿಯಾಗಿ ಕಾಣ್ತೈತಿ. ಹಲ್ಲ ಕೆರೀತಾರ, ತಿಕ್ಕಿ ಸವಸ್ತಾರ ಅನ್ನೋದು ತಪ್ಪ ತಿಳುವಳಿಕಿ.

ಮನ್ಯಾಗ ಟ್ರೇ ಇಟ್ಕೊಂಡು ಮಾಡೋದು: ಡಾಕ್ಟ್ರು ನಿಮ್ಮ ಹಲ್ಲಿನ ಅಳತಿ ತಗೊಂಡು ತೆಳ್ಳನ ಪ್ಲಾಸ್ಟಿಕ್ ಟ್ರೇ ಮಾಡಿಸಿ ಕೊಡ್ತಾರ, ಜೊತಿಗೆ ಜೆಲ್ಲಿನ ಸಿರಿಂಜ್. 1989ರಾಗ ಅಮೇರಿಕಾದ ಹೇವುಡ್, ಹೇಮನ್ ಅನ್ನೋ ಇಬ್ಬರು ಡಾಕ್ಟ್ರು ಈ ಪದ್ಧತಿ ಬರ್ದು ಪ್ರಕಟ ಮಾಡಿದ್ರು, ಅವತ್ತಿಂದ ಬಹಳ ಅಭ್ಯಾಸ ಆದದ್ದು ಇದ, ಅದರಾಗೂ 10% ಕಾರ್ಬಮೈಡ್ ಜೆಲ್. ರಾತ್ರಿ ಹಲ್ಲ ತಿಕ್ಕಿ, ಟ್ರೇದಾಗ ಒಂದೊಂದ ಹಲ್ಲಿನ ಜಾಗಾಕ್ಕ ಅಕ್ಕಿ ಕಾಳಿನಷ್ಟ ಜೆಲ್ ಇಟ್ಟು ಹಾಕ್ಕೊಂಡು, ವಸಡಿನ ಮ್ಯಾಲ ಹೊರಗ ಬಂದದ್ದನ್ನ ಬೆರಳಿಲೆ ಒರಿಸಿ ಮಲಕೋಬೇಕು. ಮುಂಜಾನೆ ತಗದು ತೊಳದು ಇಡಬೇಕು. ಸಾದಾ ಹಳದಿ ಹಲ್ಲಿಗೆ ಸುಮಾರು 2 ವಾರ ಸಾಕಾಗ್ತೈತಿ. ತಂಬಾಕಿನ ಹಳೇ ಕಲಿ ಒಳಗ ಇಳದಿದ್ರ 1ರಿಂದ 3 ತಿಂಗಳ, ಟೆಟ್ರಾಸೈಕ್ಲಿನ್ ಪಟ್ಟಿ ಇದ್ರ 6 ತಿಂಗಳ ತನಕಾನೂ ಎಳೀಬಹುದು. ಸಾವಕಾಶ ಆಗ್ತೈತಿ, ಆದ್ರ ಜುಮ್ ಅನ್ನೋದು ಕಡಿಮಿ, ಖರ್ಚೂ ಕಡಿಮಿ, ಟ್ರೇ ಜೋಪಾನ ಮಾಡಿ ಇಟ್ಕೊಂಡ್ರ ವರ್ಷ ಎರಡ ವರ್ಷಕ್ಕ ಬರೇ ಜೆಲ್ ತಗೊಂಡು ಮತ್ತ ಹಾಕ್ಕೋಬಹುದು. ನನ್ನ ಕೇಳಿದ್ರ ನಮ್ಮ ಮಂದಿಗೆ ಇದ ಪಾಡು, ಅವಸರ ಇಲ್ಲದಾವ್ರಿಗೆ ಮೊದ್ಲ ಇದನ್ನ ಹೇಳ್ತೀನಿ.

ಕ್ಲಿನಿಕ್ಕಿನ್ಯಾಗ ಕುರ್ಚಿ ಮ್ಯಾಲ ಮಾಡೋದು: ಇಲ್ಲಿ 35% ಆಸುಪಾಸಿನ ಕಡಕ್ ಹೈಡ್ರೋಜನ್ ಪೆರಾಕ್ಸೈಡ್. ವಸಡಿಗೆ ತಾಕಬಾರ್ದು ಅಂತ ಮೊದ್ಲ ಒಂದ ರಬ್ಬರಿನಂಥ ಪದರ ಹಚ್ಚಿ ಗಟ್ಟಿ ಮಾಡ್ತಾರ, ಆ ಪದರ ಹಚ್ಚದ ನೇರ ಜೆಲ್ ಹಾಕಾಕ ಬಂದ್ರ ಅಲ್ಲೇ ಎದ್ದು ಬರ್ರಿ. ಒಂದ ತಾಸಿನ ಸುಮಾರಿಗೆ ಮುಗೀತೈತಿ. ಆದ್ರ ಒಂದ ವಿಷಯ ಪೇಶಂಟಿಗೆ ಯಾರೂ ಹೇಳಂಗಿಲ್ಲ, ಅಷ್ಟೊತ್ತು ಬಾಯಿ ತಗದು ಕುಂತದ್ದಕ್ಕ ಹಲ್ಲ ಒಣಗಿರ್ತಾವ, ಒಣಗಿದ ಹಲ್ಲ ಇದ್ದದ್ದಕ್ಕಿಂತ ಬೆಳ್ಳಗ ಕಾಣ್ತಾವ. ಅವತ್ತ ಕನ್ನಡಿಯೊಳಗ ನೋಡಿ ಖುಷಿ ಆಗಿ ಮನಿಗೆ ಬರ್ತೀರಿ, ವಾರದಾಗ ಸ್ವಲ್ಪ ಕೆಳಗ ಇಳೀತೈತಿ, ಅದ ಖರೇ ಬಣ್ಣ. ಮೋಸ ಅಂತಲ್ಲ, ಹಲ್ಲಿನ ಗುಣನ ಅದು.

ಲೇಸರ್, ನೀಲಿ ಲೈಟ್ ಅಂತ ಜಾಹೀರಾತಿನ್ಯಾಗ ದೊಡ್ಡದಾಗಿ ಹಾಕ್ತಾರ. ಕೆಲ್ಸಾ ಮಾಡೋದು ಪೆರಾಕ್ಸೈಡ, ಲೈಟ್ ಹಚ್ಚಿದ್ದಕ್ಕ ಕಡೀಕ ಉಳಿಯೋ ಬಣ್ಣದಾಗ ಹೇಳಿಕೊಳ್ಳೋವಂಥ ಫರಕ್ ಆಗಂಗಿಲ್ಲ, ಬಿಸಿ ಜಾಸ್ತಿ ಆದ್ರ ಒಳಗಿನ ನರಕ್ಕ ತ್ರಾಸ. ಲೈಟಿನ ಹೆಸರಿನ್ಯಾಗ ದುಪ್ಪಟ್ಟ ರೇಟ್ ಹೇಳಿದ್ರ ಬ್ಯಾಡ್ರಿ, ಜೆಲ್ ಅಷ್ಟ ಸಾಕ್ರಿ ಅಂತ ಕೇಳ್ರಿ.

ಸತ್ತ ಒಂದ ಹಲ್ಲ ಕಪ್ಪಾಗಿದ್ರ ಹೊರಗಿಂದ ಎಷ್ಟ ಬ್ಲೀಚ್ ಹಚ್ಚಿದ್ರೂ ಉಪಯೋಗ ಕಡಿಮಿ. ರೂಟ್ ಕ್ಯಾನಲ್ ಛಲೋ ಆಗೇತೋ ಇಲ್ಲೋ ಎಕ್ಸ್‌ರೇದಾಗ ನೋಡಿ, ಹಲ್ಲಿನ ಹಿಂದಿಂದ ತೂತ ತಗದು ಒಳಗ ಔಷಧ ಇಟ್ಟು ಮುಚ್ಚಿ ಕೆಲವು ದಿನಕ್ಕೊಮ್ಮೆ ಬದಲಿ ಮಾಡ್ತಾರ. ಅಪರೂಪಕ್ಕ ಮುಂದ ಬೇರು ಕರಗೋ ಅಪಾಯ ಇರ್ತೈತಿ, ಅದಕ್ಕ ಆಮ್ಯಾಲೂ ವರ್ಷಕ್ಕೊಮ್ಮೆ ಎಕ್ಸ್‌ರೇ ತಗಸ್ಕೋಬೇಕು.

ಫ್ಲೋರೈಡ್ ಕಲಿ ಇದ್ದಾವ್ರಿಗೆ

ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳ್ತೀನಿ, ಯಾಕಂದ್ರ ಬಾಗಲಕೋಟಿ ವಿಜಯಪುರ ಜಿಲ್ಲಾದ ಹುಡುಗ್ರು ಬೆಂಗಳೂರಿಗೆ ನೌಕರಿಗೆ ಹೋದ ಮ್ಯಾಲ ಇದಕ್ಕ ಮನಸ್ಸಿಗೆ ಬಹಳ ಹಚ್ಚಕೋತಾರ. ಈ ಕಲಿ ನೀವು ಹಲ್ಲ ತಿಕ್ಕದ್ದಕ್ಕ ಬಂದದ್ದಲ್ಲ. ಹುಟ್ಟಿದಾಗಿಂದ ಸುಮಾರು 8 ವರ್ಷದ ತನಕ, ಹಲ್ಲ ದವಡಿ ಒಳಗ ತಯಾರ ಆಗೋ ಹೊತ್ತಿನ್ಯಾಗ, ಕುಡಿದ ನೀರಿನ್ಯಾಗ ಫ್ಲೋರೈಡ್ ಜಾಸ್ತಿ ಇದ್ದದ್ದಕ್ಕ ಬಂದದ್ದು. ಹಲ್ಲಿನ ರಚನಿನ ಹಂಗ ಆಗಿರ್ತೈತಿ, ಅದಕ್ಕ ಎಂಥಾ ಪೇಸ್ಟ್ ಹಚ್ಚಿ ತಿಕ್ಕಿದ್ರೂ ಹೋಗಂಗಿಲ್ಲ.

ಬರೇ ಬಿಳಿ ಚುಕ್ಕಿ ಇದ್ರ ಬ್ಲೀಚ್ ಮಾಡಿದಾಗ ಸುತ್ತಲಿನ ಹಲ್ಲ ಬೆಳ್ಳಗ ಆಗಿ ಚುಕ್ಕಿ ಅದರಾಗ ಕೂಡ್ಕೋತೈತಿ. ಮೊದಲ್ನೇ ಕೆಲವು ದಿನ ಚುಕ್ಕಿ ಇನ್ನೂ ಎದ್ದು ಕಾಣ್ತೈತಿ, ಆಗ ಗಾಬರಿ ಆಗಿ ನಿಲ್ಲಿಸಬ್ಯಾಡ್ರಿ. ಕಂದ ಕಲಿ ಇದ್ರ ಮೈಕ್ರೋಅಬ್ರೇಶನ್ ಅಂತ ಮಾಡ್ತಾರ, ಹಗುರ ಆ್ಯಸಿಡ್ ಮತ್ತ ಸಣ್ಣ ಪುಡಿ ಕೂಡಿಸಿದ ಪೇಸ್ಟಿನಿಂದ ಮ್ಯಾಲಿನ ಪದರ ಕೂದಲಿನಷ್ಟ ತಗಿಯೋದು. ಅದಾದ ಮ್ಯಾಲ ಬ್ಲೀಚ್ ಮಾಡಿದ್ರ ಹೆಚ್ಚಿನ ಮಂದಿಗೆ ಸಮಾಧಾನ ಆಗೋವಷ್ಟ ಫರಕ್ ಬರ್ತೈತಿ. ಬಿಳಿ ಚುಕ್ಕಿ ಆಳ ಇದ್ರ ತೆಳ್ಳನ ರೆಸಿನ್ ಒಳಗ ಇಳಿಸಿ ಚುಕ್ಕಿ ಮರಿ ಮಾಡೋ ಪದ್ಧತೀನೂ ಬಂದೇತಿ. ಹಲ್ಲಿನ ಮ್ಯಾಲ ತಗ್ಗ ಬಿದ್ದಿದ್ರ, ಚಿಪ್ಪ ಎದ್ದಿದ್ರ ಮಾತ್ರ ಕಾಂಪೋಸಿಟ್ (ಹಲ್ಲಿನ ಬಣ್ಣದ ಸಿಮೆಂಟ್) ಇಲ್ಲಾ ಸಿರಾಮಿಕ್ ವಿನಿಯರ್ (ಹಲ್ಲಿನ ಮುಂದ ಅಂಟಿಸೋ ತೆಳ್ಳನ ಪದರ) ತನಕ ಹೋಗ್ಬೇಕಾಗ್ತೈತಿ. ಸಿರಾಮಿಕ್ ವಿನಿಯರಿಗೆ ಹಲ್ಲ ಸ್ವಲ್ಪ ಕೊರೀಬೇಕಾಗೋದ ಬಹಳ, ಕೊರದದ್ದು ತಿರುಗಿ ಬರಂಗಿಲ್ಲ, ಅದಕ್ಕ 20 ವರ್ಷದ ಹುಡುಗ್ರಿಗೆ ಮೊದಲ್ನೇ ದಿನನ ವಿನಿಯರ್ ಹೇಳಿದ್ರ ಇನ್ನೊಬ್ಬ ಡಾಕ್ಟ್ರನ್ನೂ ಕೇಳಿ ನೋಡ್ರಿ.

ಐದನೇದು: ರೊಕ್ಕಾ ಕೊಡೋ ಮೊದ್ಲ ಕೇಳೋ ಮಾತು

ಬಾಯಾಗ ಮೊದ್ಲ ಹಾಕಿಸಿದ್ದ ಸಿಮೆಂಟ್, ಕ್ಯಾಪ್ ಇದ್ರ ಹೇಳ್ರಿ. ಬ್ಲೀಚಿಗೆ ಅವು ಬಣ್ಣ ಬದಲ್ಸಂಗಿಲ್ಲ, ಅಕ್ಕಪಕ್ಕದ ಹಲ್ಲ ಬೆಳ್ಳಗ ಆಗಿ ಮುಂದಿನ ಕ್ಯಾಪ್ ಒಂದ ಹಳದಿ ಉಳೀತೈತಿ. ಹೊಸ ಸಿಮೆಂಟ್ ಇಲ್ಲಾ ಕ್ಯಾಪ್ ಹಾಕ್ಸೋದಿದ್ರ ಬ್ಲೀಚ್ ಮುಗದು 2 ವಾರ ಬಿಟ್ಟು ಬಣ್ಣ ಕೂಡಿಸಿ ಹಾಕಿಸ್ರಿ, ಅಷ್ಟರಾಗ ಹಾಕಿದ್ರ ಸಿಮೆಂಟ್ ಗಟ್ಟಿ ಹಿಡ್ಕೊಳ್ಳಂಗಿಲ್ಲ.

ಶುರು ಮಾಡೋ ಮೊದ್ಲ ಶೇಡ್ ಪಟ್ಟಿ (ಹಲ್ಲಿನ ಬಣ್ಣ ಹೋಲಿಸಿ ನೋಡೋ ಪಟ್ಟಿ) ಹಲ್ಲಿನ ಬಾಜೂಕ ಹಿಡದು ಫೋಟೋ ತಗಿಯಾಕ ಹೇಳ್ರಿ. ಫೋಟೋ ಇಲ್ಲಂದ್ರ ಆಮ್ಯಾಲ ಎಷ್ಟ ಫರಕ್ ಆತು ಅನ್ನೋದು ನಿಮಗೂ ಡಾಕ್ಟ್ರಿಗೂ ಜಗಳದ ಮಾತಾಗ್ತೈತಿ. ಯಾವ ಜೆಲ್, ಎಷ್ಟ ಪರ್ಸೆಂಟ್, ಎಷ್ಟ ಸಲ ಬರ್ಬೇಕು, ಕ್ಲೀನಿಂಗ್ ಇದರಾಗ ಕೂಡೇತೋ ಬ್ಯಾರೆನೋ, ಇದೆಲ್ಲಾ ಚೀಟಿ ಮ್ಯಾಲ ಬರಸ್ಕೊಳ್ರಿ. ಎಷ್ಟ ಬೆಳ್ಳಗ ಅಂದ್ರ ನಿಮ್ಮ ಕಣ್ಣಿನ ಬಿಳಿ ಭಾಗದಷ್ಟ ಸಾಕು, ಅದಕ್ಕೂ ಜಾಸ್ತಿ ಆದ್ರ ಹಲ್ಲ ಕಟ್ಟಿಸ್ಕೊಂಡಾವ್ರಂಗ ಕಾಣ್ತಾರ.

ಬ್ಯೂಟಿ ಪಾರ್ಲರಿನ್ಯಾಗ ಮಾಡಿಸ್ಕೋಬ್ಯಾಡ್ರಿ. ಹಲ್ಲಿನ ಇಲಾಜು ಮಾಡಾಕ ಕಾಯ್ದೆ ಪ್ರಕಾರ ರಿಜಿಸ್ಟರ್ ಆದ ಡಾಕ್ಟ್ರ ಬೇಕು, ನಮ್ಮ ರಾಜ್ಯದಾಗ ಕ್ಲಿನಿಕ್ಕಿಗೆ ಕೆ.ಪಿ.ಎಂ.ಇ. (ಖಾಸಗಿ ದವಾಖಾನಿಗಳ ಕಾಯ್ದೆ) ಸರ್ಟಿಫಿಕೇಟ್ ಇರಬೇಕು, ಗ್ವಾಡಿ ಮ್ಯಾಲ ಹಾಕಿರ್ತಾರ, ನೋಡಾಕ ನಾಚಬ್ಯಾಡ್ರಿ. ಯುರೋಪಿನ್ಯಾಗ 0.1% ದಾಟಿದ ಪೆರಾಕ್ಸೈಡ್ ಹಲ್ಲಿನ ಡಾಕ್ಟ್ರ ಕೈಯಿಂದನ ಸಿಗಬೇಕು, 6% ದಾಟಂಗಿಲ್ಲ, 18 ವರ್ಷದೊಳಗಿನಾವ್ರಿಗೆ ಇಲ್ಲ ಅಂತ 2012ರಿಂದ ನಿಯಮ ಐತಿ. ಅಷ್ಟ ಜತನ ಮಾಡೋ ಔಷಧ ಇದು, ಆನ್‌ಲೈನಿನ್ಯಾಗ ಹೆಸರಿಲ್ಲದ ಕಿಟ್ ತರಿಸಿ ಹಚ್ಚಕೋಬ್ಯಾಡ್ರಿ. ಬಸರಿ ಹೆಣ್ಮಕ್ಕಳು, ಹಾಲು ಕುಡಿಸೋ ತಾಯಂದ್ರು, 18 ಆಗದ ಹುಡುಗ್ರು ತಡೀರಿ, ಅವಸರ ಏನಿಲ್ಲ.

ಮದುವಿ ಇದ್ರ 2-3 ತಿಂಗಳ ಮೊದ್ಲ ಬರ್ರಿ. ಅರಿಶಿಣ ಹಚ್ಚೋ ಹಿಂದಿನ ದಿನ ಬಂದು ಮಾಡ್ರಿ ಅಂದ್ರ, ಮರುದಿನ ಬೀಗರ ಪಂಕ್ತಿಯೊಳಗ ತಣ್ಣನ ನೀರು ಕುಡಿಯಾಕೂ ಆಗಂಗಿಲ್ಲ.

ಆರನೇದು: ಮಾಡೋವಾಗ, ಮಾಡಿದ ಮ್ಯಾಲ

ಜುಮ್ ಅನ್ನೋದು ಬಹಳ ಮಂದಿಗೆ ಆಗ್ತೈತಿ, ಔಷಧ ಒಳಗ ನರದ ತನಕ ಇಳಿಯೋದಕ್ಕ. ಕೆಲವು ದಿನದಾಗ ಹೋಗ್ತೈತಿ. ಪೊಟ್ಯಾಶಿಯಂ ನೈಟ್ರೇಟ್ ಇರೋ ಸೆನ್ಸಿಟಿವ್ ಪೇಸ್ಟ್ 2 ವಾರ ಮೊದ್ಲಿಂದ ಹಚ್ಚಿ ತಿಕ್ಕಾಕ ಹತ್ರಿ. ಟ್ರೇ ಹಾಕ್ಕೊಳ್ಳಾವ್ರು ಜಾಸ್ತಿ ಆದ್ರ ಒಂದ ರಾತ್ರಿ ಬಿಟ್ಟು ಒಂದ ರಾತ್ರಿ ಹಾಕ್ಕೊಳ್ರಿ. ವಸಡಿನ ಮ್ಯಾಲ ಬೆಳ್ಳಗ ಸುಟ್ಟಂಗಾದ್ರ ಜೆಲ್ ಜಾಸ್ತಿ ಆಗೇತಿ ಅಂತ, ತೊಳದು ಬಿಡ್ರಿ, ಹೆಚ್ಚಾಗಿ ಒಂದೆರಡ ದಿನದಾಗ ಮಾಯ್ತೈತಿ. ನೋವು ತಡಕೋಬ್ಯಾಡ್ರಿ, ಬಂದು ತೋರಿಸ್ರಿ.

ಊಟದ್ದು: ಮೊದಲ್ನೇ 2 ದಿನ ಕಡಕ್ ಚಹಾ, ಅರಿಶಿಣ ಜೋರ ಇರೋ ಪಲ್ಯ, ಬೀಟ್‌ರೂಟ್, ರಂಜಕಾ ದೂರ ಇಟ್ರ ಛಲೋ. ಬಿಳಿ ಜೋಳದ ರೊಟ್ಟಿ, ಮಸರು, ಅನ್ನ, ಮಜ್ಜಿಗಿ, ಬಾಳಿಹಣ್ಣ ಉಣ್ರಿ. ಇಷ್ಟ ಕಟ್ಟುನಿಟ್ಟ ಬೇಕಾಗಿಲ್ಲ ಅನ್ನೋ ಡಾಕ್ಟ್ರೂ ಅದಾರ, ಫರಕ್ ದೊಡ್ಡದೇನಿಲ್ಲ ಅಂತ ಅವ್ರ ಲೆಕ್ಕ. ಆದ್ರ ಲಿಂಬಿಹಣ್ಣ, ಹುಣಸಿ, ಸೋಡಾ ಅಂಥಾ ಹುಳಿ ಮಾತ್ರ ಬ್ಯಾಡ್ರಿ, ಆ ಹೊತ್ತಿನ್ಯಾಗ ಜುಮ್ ಅನ್ನೋದು ಏರತೈತಿ. ಬೀಡಿ ಸಿಗರೇಟ್ ಬ್ಯಾಡ ಅಂತ ಮತ್ತ ಹೇಳ್ಬೇಕಾಗಿಲ್ಲ.

ಮನ್ಯಾಗ ಮಾಡಬಾರದ್ದು

ಲಿಂಬಿಹಣ್ಣಿಗೆ ಅಡಿಗಿ ಸೋಡಾ ಕಲಸಿ ತಿಕ್ಕೋದು, ಇದ್ದಿಲ ಪುಡಿ, ಕುಳ್ಳಿನ ಬೂದಿ, ಇಟ್ಟಂಗಿ ಪುಡಿ, ಉಪ್ಪು, ಈಗ ಹೊಸದಾಗಿ ಬಂದ ಚಾರ್‌ಕೋಲ್ ಪೇಸ್ಟ್. ಮೊದಲ್ನೇ ವಾರ ಬೆಳ್ಳಗ ಕಾಣ್ತೈತಿ, ಖರೆ, ಯಾಕಂದ್ರ ಹೊರಗಿನ ಕಲಿ ಕೆರದು ಹೋಗಿರ್ತೈತಿ. ಆದ್ರ ಎನಾಮೆಲ್ ಒಮ್ಮೆ ಸವದ್ರ ಮತ್ತ ಬೆಳಿಯಂಗಿಲ್ಲ. ಗ್ವಾಡಿಗೆ ಹಚ್ಚಿದ ಸುಣ್ಣ ತಿಕ್ಕಿ ತಿಕ್ಕಿ ಒಳಗಿನ ಮಣ್ಣ ಕಂಡಂಗ, ಒಳಗಿನ ಹಳದಿ ಡೆಂಟಿನ್ ಹೊರಗ ಬರ್ತೈತಿ, ಬೆಳ್ಳಗ ಮಾಡ್ಕೊಳ್ಳಾಕ ಹೋದಾವ್ರ ಹಲ್ಲ ಮೊದ್ಲಿಗಿಂತ ಹಳದಿ ಆಗ್ತಾವ. ಬಾಯಾಗ ಹುಳಿ ಏರಿ ಪಿಎಚ್ (ಹುಳಿಯ ಅಳತಿ, ಹುಳಿ ಏರಿದಂಗ ಅಂಕಿ ಇಳೀತೈತಿ) 5.5ಕ್ಕಿಂತ ಕೆಳಗ ಇಳದ್ರ ಎನಾಮೆಲ್ ಕರಗಾಕ ಹತ್ತತೈತಿ, ಲಿಂಬಿ ರಸಾ ಅದಕ್ಕಿಂತ ಎಷ್ಟೋ ಕೆಳಗ ಐತಿ. ಸಂತಿಯೊಳಗ ಕುಂತು ಬಾಟಲಿಯೊಳಗಿನ ನೀರು ಹಚ್ಚಿ ಎರಡ ನಿಮಿಷದಾಗ ಬೆಳ್ಳಗ ಮಾಡ್ತೀನಿ ಅನ್ನಾವ್ರ ಹತ್ರ ಅಂತೂ ಬಾಯಿ ತಗೀಲೇಬ್ಯಾಡ್ರಿ, ಅದು ಆ್ಯಸಿಡ್. ಬೇವಿನ ಕಡ್ಡಿ ಅಗದು ಮೆತ್ತಗ ಮಾಡಿ ಹಗೂರ ತಿಕ್ಕಿದ್ರ ತಪ್ಪೇನಿಲ್ಲ, ಆದ್ರ ದಿನಾ ಎರಡ ಸಲ ಫ್ಲೋರೈಡ್ ಪೇಸ್ಟ್ ಬಿಡಬ್ಯಾಡ್ರಿ.

ಮನ್ಯಾಗ ಸಣ್ಣ ಹುಡುಗ್ರಿದ್ರ

ದೊಡ್ಡಾವ್ರ ಹಲ್ಲಿನ ಫ್ಲೋರೈಡ್ ಕಲಿಗೆ ಇಲಾಜು ಮಾಡಬಹುದು, ಹುಡುಗ್ರಿಗೆ ಬರದಂಗ ತಡೀಬಹುದು. ಕುಡಿಯೋ ನೀರಿನ್ಯಾಗ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗ ಇರಬೇಕು, ಬ್ಯಾರೆ ನೀರ ಇಲ್ಲದಾಗ 1.5 ತನಕ ಅಂತ ನಮ್ಮ ದೇಶದ ಮಾನಕ. ನಿಮ್ಮ ಬೋರಿನ ನೀರು ಎಷ್ಟೈತಿ ಅಂತ ಗ್ರಾಮ ಪಂಚಾಯ್ತಿಯೊಳಗ ಕೇಳಿ ಟೆಸ್ಟ್ ಮಾಡಿಸ್ರಿ. ನೀರು ಕುದಿಸಿದ್ರ ಫ್ಲೋರೈಡ್ ಹೋಗಂಗಿಲ್ಲ, ನೀರು ಆವಿಯಾದಂಗ ಉಳದದ್ದರಾಗ ಇನ್ನೂ ದಟ್ಟ ಆಗ್ತೈತಿ. ಅರಬಿಯೊಳಗ ಸೋಸಿದ್ರೂ ಹೋಗಂಗಿಲ್ಲ. ಊರಾಗಿನ ಶುದ್ಧ ನೀರಿನ ಘಟಕ ಚಾಲೂ ಇದ್ರ ಕುಡಿಯಾಕ, ಅಡಿಗಿಗೆ ಎರಡಕ್ಕೂ ಅದ ನೀರು ಬಳಸ್ರಿ, ಕೂಸಿನ ಗಂಜಿಗೂ ಅದನ್ನ ಹಾಕ್ರಿ. ಬಂದ್ ಬಿದ್ದಿದ್ರ ಹತ್ತ ಮಂದಿ ಕೂಡಿ ಪಂಚಾಯ್ತಿಗೆ ಅರ್ಜಿ ಕೊಡ್ರಿ. ಹುಡುಗ್ರಿಗೆ ಪೇಸ್ಟ್ ಬ್ಯಾಡ ಅಂತಲ್ಲ, 3 ವರ್ಷದ ತನಕ ಅಕ್ಕಿ ಕಾಳಿನಷ್ಟ, 3ರಿಂದ 6ರ ತನಕ ಬಟಾಣಿ ಕಾಳಿನಷ್ಟ ಹಚ್ಚಿ ಕೊಡ್ರಿ, ನುಂಗದ ಉಗಳಾಕ ಕಲಿಸ್ರಿ, ತಿಕ್ಕೋವಾಗ ದೊಡ್ಡಾವ್ರು ಯಾರರ ಬಾಜೂಕ ನಿಂದರ್ರಿ.